ಬೆಟ್ಟದಿಂದ ಬೋರ್‌ವೆಲ್‌ವರೆಗೆ: ಶಿಂಷೆಯ ಜೊತೆ ಒಂದು ಭಾನುವಾರ

ತುಮಕೂರು ಕಡೆಯವರಿಗೆ 'ಗಡಸು ನೀರು' ಅಂದ್ರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಸೋಪು ನೊರೆ ಬರಲ್ಲ, ಬೇಳೆ ಬೇಗ ಬೇಯಲ್ಲ, ಗೀಸರ್ ಕಾಯಿಲ್ ಹೆಚ್ಚು ದಿನ ಬಾಳಲ್ಲ. ನೀರು ಕಾಯಿಸೋ ಪಾತ್ರೆಯ ತಳದಲ್ಲಿ ಬೆಳ್ಳಗೆ ಒಂದು ಪದರ ಗಟ್ಟಿಯಾಗಿ ಕೂತಿರುತ್ತೆ. ನಮ್ಮಜ್ಜಿ ಅದನ್ನ 'ಸುಣ್ಣ ಕಟ್ಟಿದೆ' ಅಂತಿದ್ರು. ಕೆಮಿಸ್ಟ್ರಿ ಲೆಕ್ಕದಲ್ಲೂ ಅಜ್ಜಿ ಮಾತು ಸರಿಯೇ. ಆ ಪದರದ ಮುಖ್ಯ ಪಾಲು ಕ್ಯಾಲ್ಸಿಯಂ ಕಾರ್ಬೋನೇಟ್. ಸುಣ್ಣದಕಲ್ಲಲ್ಲಿ ಇರೋದೂ ಅದೇ.

ಹಾಗಾದ್ರೆ ಪಾತ್ರೆಗೆ ಆ ಕಲ್ಲು ಬಂದದ್ದೆಲ್ಲಿಂದ? ಮೋಡದಿಂದ ಬಿದ್ದ ಮಳೆಯಲ್ಲಂತೂ ಇರಲಿಲ್ಲ. ನೀರು ನೆಲದೊಳಗೆ ಇಳಿದು, ಬಂಡೆಯ ಬಿರುಕಲ್ಲಿ ವರ್ಷಗಟ್ಟಲೆ ಕೂತು, ಬಂಡೆಯನ್ನೇ ಚೂರುಚೂರು ಕರಗಿಸಿಕೊಂಡು ಮೇಲೆ ಬಂತು. ಬಂಡೆಯಲ್ಲಿದ್ದದ್ದು ನೀರಿಗೆ, ನೀರಿಂದ ಮಣ್ಣಿಗೆ, ಮಣ್ಣಿಂದ ಬೆಳೆಗೆ, ನಮ್ಮ ಮೂಳೆಗೆ, ಕೊನೆಗೆ ಸಮುದ್ರಕ್ಕೆ, ಅಲ್ಲಿಂದ ಮತ್ತೆ ಬಂಡೆಗೆ ಹೇಗೆ ಓಡಾಡುತ್ತೆ ಅಂತ ಲೆಕ್ಕ ಇಡೋ ಶಾಸ್ತ್ರಕ್ಕೆ ಭೂರಸಾಯನಶಾಸ್ತ್ರ ಅಂತ ಹೆಸರು. ಆ ಹೆಸರನ್ನ 1838ರಲ್ಲಿ ಮೊದಲು ಬಳಸಿದ್ದು ಶೋನ್‌ಬೈನ್ ಅನ್ನೋ ರಸಾಯನಶಾಸ್ತ್ರಜ್ಞ. ಅದಕ್ಕೆ ಇವತ್ತಿನ ರೂಪ ಕೊಟ್ಟವರಲ್ಲಿ ದೊಡ್ಡ ಹೆಸರು ವಿಕ್ಟರ್ ಗೋಲ್ಡ್‌ಸ್ಮಿತ್ (1888–1947).

ಪುಸ್ತಕದಲ್ಲಿ ಇದು ಬಾಣದ ಗುರುತುಗಳ ಒಂದು ಚಿತ್ರ. ತುಮಕೂರು, ಗುಬ್ಬಿ, ಕುಣಿಗಲ್ ಸುತ್ತಿದ್ರೆ ಅದೇ ಚಿತ್ರ ಕಣ್ಣಿಗೆ ಕಾಣುತ್ತೆ. ಬೆಂಗಳೂರಿನಿಂದ ಸುಮಾರು 70 ಕಿ.ಮೀ. ದೂರದ ಊರು. ಬೆಳಿಗ್ಗೆ ಬೇಗ ಬೈಕ್ ಹತ್ತಿದ್ರೆ ಸಂಜೆಗೆ ವಾಪಸ್. ದಾರಿ ತೋರಿಸೋಕೆ ಮ್ಯಾಪ್ ಬೇಡ, ಶಿಂಷಾ ನದಿ ಸಾಕು. ಅದು ಹುಟ್ಟೋದು ದೇವರಾಯನದುರ್ಗದ ಬೆಟ್ಟಗಳಲ್ಲಿ. ಗುಬ್ಬಿ ತಾಲ್ಲೂಕಿನ ಕಡಬದ ಕೆರೆ ತುಂಬಿಸಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಅಣೆಕಟ್ಟೆಯಲ್ಲಿ ನಿಂತು, ಮದ್ದೂರಿನ ಕಡೆ ಹರಿದು ಕಾವೇರಿ ಸೇರುತ್ತೆ.

ದೇವರಾಯನದುರ್ಗ: ಬಂಡೆಯ ಮೇಲಿನ ಕಲ್ಲುಹೂವು

ಸುಮಾರು 3,900 ಅಡಿ ಎತ್ತರದ ಬೆಟ್ಟ. ಭೋಗ ನರಸಿಂಹ, ಯೋಗ ನರಸಿಂಹ ದೇವಸ್ಥಾನ ನೋಡೋಕೆ ಜನ ಬರ್ತಾರೆ, ವ್ಯೂ ಪಾಯಿಂಟ್‌ನಲ್ಲಿ ಫೋಟೋ ತೆಗೆದು ಹೊರಡ್ತಾರೆ. ಇನ್ನು ಹತ್ತು ನಿಮಿಷ ನಿಂತು ಕಾಲ ಕೆಳಗಿನ ಬಂಡೆಯನ್ನ ಹತ್ತಿರದಿಂದ ನೋಡಿ. ಬಂಡೆಗೆ ಒಂದೇ ಬಣ್ಣ ಇರಲ್ಲ. ಗಾಜಿನಂತೆ ಮಿನುಗೋ ಬೂದು-ಬಿಳಿ ಕಣ ಬೆಣಚುಕಲ್ಲು. ನಸುಗೆಂಪು ಇಲ್ಲವೇ ಹಾಲು ಬಣ್ಣದ್ದು ಫೆಲ್ಡ್‌ಸ್ಪಾರ್. ಅದರಲ್ಲಿ ಪೊಟ್ಯಾಶಿಯಂ, ಸೋಡಿಯಂ, ಕ್ಯಾಲ್ಸಿಯಂ ಇದೆ. ಕಪ್ಪಗೆ ಹಾಳೆಹಾಳೆಯಾಗಿ ಹೊಳೆಯೋದು ಕಾಗೆಬಂಗಾರದ ಕಪ್ಪು ಜಾತಿ, ಬಯೋಟೈಟ್. ಅದರಲ್ಲಿ ಕಬ್ಬಿಣ, ಮೆಗ್ನೀಶಿಯಂ, ಜೊತೆಗೆ ಸ್ವಲ್ಪ ಫ್ಲೋರಿನ್. ಈ ಕೊನೆಯ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ನಾವು ನಿಂತ ಭೂಮಿಯ ಹೊರಪದರದ ತೂಕದಲ್ಲಿ ಸುಮಾರು 46 ಪರ್ಸೆಂಟ್ ಆಮ್ಲಜನಕ, 28 ಪರ್ಸೆಂಟ್ ಸಿಲಿಕಾನ್, 8 ಪರ್ಸೆಂಟ್ ಅಲ್ಯುಮಿನಿಯಂ, 5 ಪರ್ಸೆಂಟ್ ಕಬ್ಬಿಣ. ಉಸಿರಾಡೋ ಗಾಳಿಗಿಂತ ಕಾಲಡಿಯ ಕಲ್ಲಲ್ಲೇ ಆಮ್ಲಜನಕದ ಪಾಲು ಜಾಸ್ತಿ ಅನ್ನೋದು ಕಾಲೇಜಲ್ಲಿ ಓದಿದಾಗಲೂ ನಂಬೋಕೆ ಕಷ್ಟವಾಗಿತ್ತು.

ಇಷ್ಟು ಗಟ್ಟಿ ಬಂಡೆ ಕರಗೋದು ಹೇಗೆ? ಗೋಲಿ ಸೋಡಾ ಗೊತ್ತಲ್ಲ, ನೀರಿಗೆ ಇಂಗಾಲದ ಡೈಆಕ್ಸೈಡ್ ತುಂಬಿದ್ದು. ಮಳೆ ನೀರು ಒಂಥರಾ ತೀರಾ ಸಪ್ಪೆ ಸೋಡಾ. ಗಾಳಿಯಿಂದ ಇಳಿದು ಬರುವಾಗ ಅದೇ ಅನಿಲವನ್ನ ಸ್ವಲ್ಪ ಹೀರಿಕೊಂಡು ಬರುತ್ತೆ. ಅದಕ್ಕೇ ಸ್ವಚ್ಛ ಗಾಳಿಯಲ್ಲಿ ಬಿದ್ದ ಮಳೆಯ ಪಿಎಚ್ ಕೂಡ 7 ಇರಲ್ಲ, ಸುಮಾರು 5.6. ಆ ನವಿರಾದ ಹುಳಿ ಫೆಲ್ಡ್‌ಸ್ಪಾರ್‌ನ ಮೈಯಿಂದ ಪೊಟ್ಯಾಶಿಯಂ, ಸೋಡಿಯಂ, ಕ್ಯಾಲ್ಸಿಯಂ ಎಳೆದುಕೊಂಡು ಹೋಗುತ್ತೆ, ಉಳಿದದ್ದು ಜೇಡಿಮಣ್ಣಾಗುತ್ತೆ. ಕಾಗೆಬಂಗಾರದ ಕಬ್ಬಿಣ ಗಾಳಿಗೆ ಸಿಕ್ಕಿ ತುಕ್ಕು ಹಿಡಿಯುತ್ತೆ. ನಮ್ಮ ಹೊಲದ ಮಣ್ಣು ಕೆಂಪಗಿರೋದು ಆ ತುಕ್ಕಿನಿಂದ. ಬೆಣಚುಕಲ್ಲು ಮಾತ್ರ ಜಗ್ಗಲ್ಲ, ಮರಳಾಗಿ ಹಳ್ಳ ಸೇರುತ್ತೆ.

ಬಂಡೆಯ ಮೇಲೆ ಬೂದು-ಹಸಿರು ಚಕ್ಕೆಗಳು ಅಂಟಿರುತ್ತಲ್ಲ, ಅವೂ ಈ ಕೆಲಸದಲ್ಲಿ ಪಾಲುದಾರರು. ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವಿನ ಕುಲದವು, ಅಂದ್ರೆ ಶಿಲಾವಲ್ಕಗಳು. ಇವು ಹುಳಿ ಪದಾರ್ಥ ಸೂಸಿ ಕಲ್ಲನ್ನ ಸಡಿಲ ಮಾಡ್ತವೆ. ಬೇರು ಬಿಡೋಕೆ ಮಣ್ಣೇ ಇಲ್ಲದ ಕಡೆ ಮಣ್ಣು ತಯಾರಾಗೋದು ಹೀಗೆ ಶುರುವಾಗುತ್ತೆ.

ಬೆಟ್ಟದ ಕೆಳಗಿನ ಕಾಡಲ್ಲಿ ನಾಮದ ಚಿಲುಮೆ. ನಾಮ ಇಟ್ಟುಕೊಳ್ಳೋಕೆ ನೀರು ಬೇಕಾಗಿ ರಾಮ ಬಾಣ ಬಿಟ್ಟಾಗ ಬಂಡೆಯಿಂದ ನೀರು ಚಿಮ್ಮಿತು ಅಂತ ಕಥೆ. ಬೆಟ್ಟದ ಮೇಲೆ ಬಿದ್ದ ಮಳೆ ಬಿರುಕಿಗೆ ಇಳಿದು, ಹಾದಿ ಸಿಕ್ಕಲ್ಲಿ ಮತ್ತೆ ಹೊರಗೆ ಬರೋದೇ ಚಿಲುಮೆ. ಇನ್ನೊಂದು ಸಂಗತಿ: ಜಯಮಂಗಲಿ ನದಿ ಹುಟ್ಟೋದೂ ಇದೇ ಬೆಟ್ಟದಲ್ಲಿ. ಅದು ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿ ಸೇರುತ್ತೆ. ಒಂದೇ ಮಳೆಯ ಎರಡು ಹನಿ ಒಂದೇ ಬೆಟ್ಟದ ಎರಡು ಕಡೆ ಬಿದ್ರೆ ಒಂದು ತಮಿಳುನಾಡಿನ ಕರಾವಳಿಗೆ, ಇನ್ನೊಂದು ಆಂಧ್ರದ ಕರಾವಳಿಗೆ. ಎರಡರ ಜೇಬಲ್ಲೂ ದೇವರಾಯನದುರ್ಗದ ಬಂಡೆಯ ಚೂರು.

ತುಮಕೂರು: ನಲ್ಲಿ ನೀರಿಗೂ ಬೋರ್ ನೀರಿಗೂ ಏನು ವ್ಯತ್ಯಾಸ?

ತುಮಕೂರು ನಗರದಲ್ಲಿ ಒಂದು ಪ್ರಯೋಗ ಯಾರು ಬೇಕಾದ್ರೂ ಮಾಡಬಹುದು. ಸಿಟಿಗೆ ಬರೋ ಹೇಮಾವತಿ ನೀರು ಒಂದು ಪಾತ್ರೆಯಲ್ಲಿ, ಬಡಾವಣೆಯ ಬೋರ್‌ವೆಲ್ ನೀರು ಇನ್ನೊಂದರಲ್ಲಿ. ಎರಡನ್ನೂ ಬತ್ತುವವರೆಗೆ ಕಾಯಿಸಿ. ತಳದಲ್ಲಿ ಉಳಿಯೋ ಪುಡಿಯ ಪ್ರಮಾಣ ನೋಡಿದ್ರೆ ಸಾಕು, ಯಾವ ನೀರು ಯಾವುದು ಅಂತ ಹೇಳಬಹುದು.

ಹೇಮಾವತಿ ಹುಟ್ಟೋದು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಲ್ಲಿ. ಧೋ ಅಂತ ಸುರಿಯೋ ಮಳೆ ಬೇಗಬೇಗ ಹೊಳೆ ಸೇರಿ, ಗೊರೂರಿನ ಜಲಾಶಯದಲ್ಲಿ ನಿಂತು, ನಾಲೆಯಲ್ಲಿ ಬಂದು, ಬುಗುಡನಹಳ್ಳಿ ಕೆರೆ ತುಂಬುತ್ತೆ. ಆ ನೀರು ದೂರ ಬಂದಿದೆ ನಿಜ, ಆದ್ರೆ ಬಂಡೆಯ ಹತ್ತಿರ ಕೂತು ಮಾತಾಡಿದ್ದು ಕಡಿಮೆ. ಬೋರ್‌ವೆಲ್ ನೀರು ದೂರ ಹೋಗಿಲ್ಲ, ಆದ್ರೆ ಒಂದೇ ಬಿರುಕಲ್ಲಿ ಬಂಡೆಗೆ ಅಂಟಿಕೊಂಡು ಎಷ್ಟೋ ವರ್ಷ ಕೂತಿದೆ. ನೀರು ಎಷ್ಟು ದೂರ ಬಂತು ಅನ್ನೋದಕ್ಕಿಂತ ಎಷ್ಟು ಹೊತ್ತು ಎಲ್ಲಿ ನಿಂತಿತ್ತು ಅನ್ನೋದು ಮುಖ್ಯ.

ಭೂರಸಾಯನದಲ್ಲಿ ಇದಕ್ಕೆ ತಂಗುವ ಕಾಲ ಅಂತಾರೆ. ಒಂದು ಹನಿ ಆವಿಯಾಗಿ ಗಾಳಿ ಸೇರಿದ್ರೆ ಅಲ್ಲಿ ಇರೋದು ಸರಾಸರಿ ಒಂಬತ್ತು-ಹತ್ತು ದಿನ. ಆಳದ ಬಿರುಕಿಗೆ ಇಳಿದ್ರೆ ಹತ್ತಾರು, ಕೆಲವೊಮ್ಮೆ ಸಾವಿರಾರು ವರ್ಷ. ಸಮುದ್ರ ಸೇರಿದ ಸೋಡಿಯಂ ಕೋಟಿಗಟ್ಟಲೆ ವರ್ಷ ಅಲ್ಲೇ ಇರುತ್ತೆ. ಅದಕ್ಕೇ ಸಮುದ್ರ ಉಪ್ಪು. ನಮ್ಮ ಕಡೆ ಭಾಷೆಯಲ್ಲಿ ಹೇಳೋದಾದ್ರೆ ಇದು ಸಿಸ್ಟಮ್‌ನ ಲೇಟೆನ್ಸಿ. ಮಿಲಿಸೆಕೆಂಡ್‌ನದ್ದೂ ಇದೆ, ಕೋಟಿ ವರ್ಷದ್ದೂ ಇದೆ, ಎಲ್ಲಾ ಒಂದೇ ನೆಟ್‌ವರ್ಕ್.

ಸಿಟಿಯ ಬೋರ್ ನೀರಲ್ಲಿ ಬಂಡೆಯಿಂದ ಬರದ ಒಂದು ವಸ್ತುವೂ ಸೇರಿಕೊಳ್ಳುತ್ತೆ, ಅದು ನೈಟ್ರೇಟ್. ಗಾಳಿಯಲ್ಲಿ 78 ಪರ್ಸೆಂಟ್ ಸಾರಜನಕ ಇದ್ರೂ ಗಿಡಗಳಿಗೆ ಅದು ನೇರವಾಗಿ ದಕ್ಕಲ್ಲ. ಅವರೆ, ತೊಗರಿ, ಹುರುಳಿಯ ಬೇರಿನ ಗಂಟಲ್ಲಿರೋ ಸೂಕ್ಷ್ಮಜೀವಿಗಳು ಅದನ್ನ ಹಿಡಿದು ಕೊಡ್ತವೆ. ರಾಗಿ ಸಾಲಿನ ಮಧ್ಯೆ ಅವರೆ-ತೊಗರಿ ಅಕ್ಕಡಿ ಹಾಕ್ತಿದ್ದ ನಮ್ಮ ರೈತರಿಗೆ ಅದರ ಲಾಭ ಗೊತ್ತಿತ್ತು. ಈಗ ಫ್ಯಾಕ್ಟರಿಯಿಂದ ಯೂರಿಯಾ ಬರುತ್ತೆ. ಹೆಚ್ಚಾದ ಯೂರಿಯಾ ಮತ್ತು ಚರಂಡಿ, ಶೌಚದ ಗುಂಡಿಗಳಿಂದ ಇಳಿದದ್ದು ನೈಟ್ರೇಟ್ ಆಗಿ ಅಂತರ್ಜಲ ಸೇರುತ್ತೆ. ಕುಡಿಯೋ ನೀರಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಅಂತ ಭಾರತೀಯ ಮಾನಕ ಹೇಳುತ್ತೆ. ಬಾಟಲಿ ಹಾಲು ಕುಡಿಯೋ ಹಸುಗೂಸುಗಳಿಗೆ ಇದು ಅಪಾಯ.

ಗುಬ್ಬಿ: ಎಳನೀರಿನ ಲೋಡು ಮತ್ತು 250 ಕೋಟಿ ವರ್ಷದ ನಾಟಕ

ಗುಬ್ಬಿ ಅಂದ್ರೆ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ನೆನಪಾಗುತ್ತೆ. ಊರ ದಾರಿಯಲ್ಲಿ ಹೋದ್ರೆ ಎರಡೂ ಕಡೆ ತೆಂಗು, ಅಡಿಕೆ. ಒಂದು ಎಳನೀರು ಕುಡಿಯಿರಿ. ಅದರಲ್ಲಿ ಹೆಚ್ಚುಕಮ್ಮಿ ಒಂದು ಬಾಳೆಹಣ್ಣಿನಷ್ಟು ಪೊಟ್ಯಾಶಿಯಂ ಇರುತ್ತೆ. ದೇವರಾಯನದುರ್ಗದಲ್ಲಿ ನೋಡಿದ ನಸುಗೆಂಪು ಫೆಲ್ಡ್‌ಸ್ಪಾರ್ ನೆನಪಿದ್ಯಾ? ಅಂಥ ಕಲ್ಲು ಕರಗಿದ ಪೊಟ್ಯಾಶಿಯಂ ಮಣ್ಣಿಗೆ ಬಂದು, ಬೇರು ಹೀರಿ, ಗೊನೆಗೆ ಏರಿ, ಸ್ಟ್ರಾ ಮೂಲಕ ನಮ್ಮ ರಕ್ತಕ್ಕೆ ಬಂತು.

ಹಿಂದೆ ಈ ಚಕ್ರ ಊರೊಳಗೇ ಸುತ್ತುತ್ತಿತ್ತು. ಗರಿ ಅಲ್ಲೇ ಕೊಳೀತಿತ್ತು, ಮಟ್ಟೆ ಸುಟ್ಟ ಬೂದಿ ತಿಪ್ಪೆಗೆ ಹೋಗ್ತಿತ್ತು, ತಿಪ್ಪೆಗೊಬ್ಬರ ವಾಪಸ್ ಬುಡಕ್ಕೆ. ಈಗ ಎಳನೀರು ಲಾರಿಯಲ್ಲಿ ಊರು ಬಿಡುತ್ತೆ, ಬುರುಡೆ ಬೆಂಗಳೂರಿನ ಕಸದ ರಾಶಿಯಲ್ಲಿ ಉಳಿಯುತ್ತೆ. ಪ್ರತಿ ಲೋಡಿನ ಜೊತೆ ನಮ್ಮ ನೆಲದ ಪೊಟ್ಯಾಶಿಯಂ ಕೂಡ ಲಾರಿ ಹತ್ತುತ್ತೆ. ಬಂಡೆ ಕರಗಿ ಅದನ್ನ ತುಂಬಿಕೊಡೋಕೆ ನೂರಾರು ವರ್ಷ ಬೇಕು. ಅಷ್ಟರವರೆಗೆ ಚೀಲದ ಪೊಟ್ಯಾಷ್ ಗೊಬ್ಬರ. ಭಾರತದಲ್ಲಿ ಬಳಸೋ ಪೊಟ್ಯಾಷ್ ಬಹುತೇಕ ಎಲ್ಲವೂ ಕೆನಡಾ, ರಷ್ಯಾ, ಜೋರ್ಡಾನ್‌ನಂಥ ಕಡೆಯಿಂದ ಬರುತ್ತೆ. ಅಂದ್ರೆ ಎಂದೋ ಒಣಗಿ ಹೋದ ಸಮುದ್ರದ ಉಪ್ಪು ಗುಬ್ಬಿಯ ತೆಂಗಿನ ಬುಡಕ್ಕೆ ಬರ್ತಾ ಇದೆ. ರಂಜಕದ ಕಥೆ ಇನ್ನೂ ಬಿಗಿ. ಸಾರಜನಕ, ಇಂಗಾಲದ ಥರ ಅದಕ್ಕೆ ಗಾಳಿಯ ದಾರಿ ಇಲ್ಲವೇ ಇಲ್ಲ ಅನ್ನಬಹುದು. ಕಲ್ಲಿಂದ ಬರಬೇಕು, ಇಲ್ಲ ಗೊಬ್ಬರದಿಂದ ವಾಪಸ್ ಬರಬೇಕು.

ಗುಬ್ಬಿ ತಾಲ್ಲೂಕಲ್ಲೇ ದೊಡ್ಡಗುಣಿ ಅಂತ ಊರಿದೆ. ಭೂವಿಜ್ಞಾನಿಗಳಿಗೆ ಈ ಹೆಸರು ಚೆನ್ನಾಗಿ ಗೊತ್ತು. ಈ ಭಾಗ ಸೇರೋದು ಚಿತ್ರದುರ್ಗದ ಕಡೆಯಿಂದ ಚಿಕ್ಕನಾಯಕನಹಳ್ಳಿ ಮೂಲಕ ಇಳಿದು ಬರೋ ಹಳೇ ಶಿಲಾ ಪಟ್ಟಿಗೆ. ಇಲ್ಲಿ ಸುಣ್ಣದಕಲ್ಲು, ಮ್ಯಾಂಗನೀಸ್, ಕಬ್ಬಿಣದ ಅದಿರು ಒಟ್ಟೊಟ್ಟಿಗೆ ಸಿಗ್ತವೆ. ದೊಡ್ಡಗುಣಿ ಸುತ್ತಿನ ಸುಣ್ಣದ ಶಿಲೆಗಳಲ್ಲಿ ಸ್ಟ್ರೊಮಾಟೊಲೈಟ್ ಗುರುತಿಸಿದ್ದಾರೆ. ಸೂಕ್ಷ್ಮಜೀವಿಗಳ ಲೋಳೆ ಪದರಗಳು ಆಳವಿಲ್ಲದ ಸಮುದ್ರದ ತಳದಲ್ಲಿ ಒಂದರ ಮೇಲೊಂದು ಕೂತು ಕಲ್ಲಾದ ಗುರುತು ಅದು. ಚಿರೋಟಿಯ ಎಳೆ ಥರ ಕಾಣುತ್ತೆ. ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಅಂದ್ರೆ ಈಗ ತೆಂಗಿನ ತೋಟ ಇರೋ ಕಡೆ ಆಗ ಸಮುದ್ರವಿತ್ತು. ಗಿಡ, ಮೀನು, ಹುಳ ಏನೂ ಹುಟ್ಟಿರಲಿಲ್ಲ.

ಆ ಕಾಲದ ಸಮುದ್ರದಲ್ಲಿ ಕಬ್ಬಿಣ ಕರಗಿದ ಸ್ಥಿತಿಯಲ್ಲಿತ್ತು, ಯಾಕಂದ್ರೆ ಗಾಳಿಯಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬಿಸಿಲಿಂದ ಆಹಾರ ಮಾಡಿಕೊಳ್ಳೋ ಸೂಕ್ಷ್ಮಜೀವಿಗಳು ಆಮ್ಲಜನಕ ಬಿಡ್ತಾ ಬಂದ ಹಾಗೆ ಕಬ್ಬಿಣ ತುಕ್ಕಾಗಿ ತಳಕ್ಕೆ ಕೂತಿತು. ಜಗತ್ತಿನ ದೊಡ್ಡ ಕಬ್ಬಿಣದ ಅದಿರಿನ ಪದರಗಳು ಇಂಥ ತುಕ್ಕಿನಿಂದ ಆದವು. ಹಿಡಿಯೋ ಕಬ್ಬಿಣ ಮುಗೀತಾ ಬಂದಂತೆ ಆಮ್ಲಜನಕ ಗಾಳಿಗೆ ಸೇರಿತು. ಸುಮಾರು 240 ಕೋಟಿ ವರ್ಷಗಳ ಹಿಂದಿನ ಆ ಬದಲಾವಣೆ ಇಲ್ಲದಿದ್ರೆ ನಾವು ನೀವು ಇಲ್ಲ. ಅದೇ ಅದಿರನ್ನ ನಮ್ಮ ಕಾಲದಲ್ಲಿ ಲಾರಿಗಟ್ಟಲೆ ಸಾಗಿಸಿದ್ದೂ, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ, ಚಿತ್ರದುರ್ಗದ ಜೊತೆ ತುಮಕೂರು ಜಿಲ್ಲೆಯ ಗಣಿಗಾರಿಕೆಗೂ ತಡೆ ಹಾಕಿದ್ದೂ ನಿಮಗೆ ನೆನಪಿರಬಹುದು.

ಸುಣ್ಣದಕಲ್ಲಿಗೂ ಇಲ್ಲಿ ಒಂದು ಎರಡನೇ ಅಂಕ ಇದೆ. ಗುಬ್ಬಿಯಿಂದ ತಿಪಟೂರು ಕಡೆ ರೈಲಲ್ಲಿ ಹೋದ್ರೆ ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆ ಕಾಣುತ್ತೆ. ಈ ಸೀಮೆಯ ಸುಣ್ಣದಕಲ್ಲನ್ನ ನಂಬಿ ಬಂದ ಕಾರ್ಖಾನೆ ಅದು. ಶುದ್ಧ ಸುಣ್ಣದಕಲ್ಲು 100 ಕಿಲೋ ಸುಟ್ರೆ 56 ಕಿಲೋ ಸುಣ್ಣ ಉಳಿದು 44 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತೆ. ಒಲೆಗೆ ಹಾಕಿದ ಕಲ್ಲಿದ್ದಲಿನ ಹೊಗೆ ಇದಕ್ಕೆ ಬೇರೆ. ಪುರಾತನ ಸಮುದ್ರ ಕಲ್ಲಾಗಿಸಿ ಬೀಗ ಹಾಕಿಟ್ಟ ಇಂಗಾಲವನ್ನ ಗೂಡು ಒಂದೇ ದಿನದಲ್ಲಿ ಬಿಡಿಸುತ್ತೆ. ನಮ್ಮ ಅಪಾರ್ಟ್‌ಮೆಂಟಿನ ಪಿಲ್ಲರ್‌ಗೂ ಇಂಥದ್ದೇ ಒಂದು ಸಮುದ್ರದ ನಂಟಿದೆ.

ಕಡಬದ ಕೆರೆ ಏರಿ ಮೇಲೆ: ಅಪ್ಪನ ವಾದ

ಕಡಬದಲ್ಲಿ ಶಿಂಷೆಗೆ ಅಡ್ಡ ಏರಿ ಕಟ್ಟಿ ಮಾಡಿದ ಹಳೇ ದೊಡ್ಡ ಕೆರೆ ಇದೆ. ಏರಿ ಮೇಲೆ ನಿಂತ್ರೆ ಕೆರೆಯ ಕೆಲಸ ಅರ್ಥವಾಗುತ್ತೆ. ಬೆಟ್ಟ ಕರಗಿ ಬಂದ ಜೇಡಿ, ಪೊಟ್ಯಾಶಿಯಂ, ರಂಜಕ, ದನದ ಸಗಣಿಯ ಸಾರ ಎಲ್ಲ ಇಲ್ಲಿ ಗೋಡಾಗಿ ಕೂರುತ್ತೆ. ಬೇಸಿಗೆಯಲ್ಲಿ ರೈತರು ಗೋಡು ಹೊಡೆದು ಹೊಲಕ್ಕೆ ಹಾಕೋದು ಅಂದ್ರೆ ಜಾರಿಹೋಗ್ತಿದ್ದ ಬೆಟ್ಟವನ್ನ ಹಿಡಿದು ವಾಪಸ್ ತಂದ ಹಾಗೆ. ಕೆರೆ ನೀರು ನಿಧಾನ ಇಂಗಿ ಸುತ್ತಿನ ಬಾವಿ ತುಂಬುತ್ತಿತ್ತು. ಆ ಬಾವಿಯ ನೀರಿನ ವಯಸ್ಸು ಕಡಿಮೆ, ಹಿಂದಿನ ವರ್ಷದ ಇಲ್ಲವೇ ಕೆಲವೇ ವರ್ಷ ಹಳೇ ಮಳೆ.

ಆಮೇಲೆ ಬೋರ್‌ವೆಲ್ ಬಂತು. 200 ಅಡಿ, 400 ಅಡಿ, ಈಗ 1,000 ಅಡಿ ಮಾತಾಡ್ತಾರೆ. ನಮ್ಮ ಮನೆಯಲ್ಲೂ ಹೋದ ಬೇಸಿಗೆಯಲ್ಲಿ ಇದೇ ಚರ್ಚೆ. ಹಳೇ ಬೋರ್ ಬತ್ತುತ್ತಾ ಬಂದಿತ್ತು.

"ಇನ್ನೂ ಆಳಕ್ಕೆ ಹಾಕ್ಸೋಣ ಕಣೋ. ಆಳಕ್ಕೆ ಹೋದಷ್ಟೂ ನೀರು ಶುದ್ಧ. ಅಲ್ಲಿ ಯಾವ ಕೊಚ್ಚೆ ಹೋಗುತ್ತೆ?" ಅಂದ್ರು ಅಪ್ಪ.

"ತೋಟಕ್ಕೆ ಹಾಕ್ಸಿ ಅಪ್ಪ. ಕುಡಿಯೋಕೆ ಮಾತ್ರ ಟೆಸ್ಟ್ ಮಾಡಿಸದೆ ಬೇಡ."

"ಊರೋರೆಲ್ಲಾ ಕುಡೀತಿಲ್ವೇನೋ?"

ಅಪ್ಪನ ಮಾತಲ್ಲಿ ಅರ್ಧ ನಿಜ ಇದೆ. ಕೊಚ್ಚೆ, ರೋಗಾಣು ಅಷ್ಟು ಆಳಕ್ಕೆ ಇಳಿಯೋದು ಕಷ್ಟ. ಆದ್ರೆ ಬಂಡೆಯೇ ನೀರಿಗೆ ಸೇರಿಸೋದನ್ನ ಆಳ ತಡೆಯಲ್ಲ. ಆಗ ನೆನಪಿಟ್ಟುಕೊಳ್ಳಿ ಅಂದಿದ್ದ ಫ್ಲೋರಿನ್ ಬರೋದು ಇಲ್ಲೇ.

ಕಪ್ಪು ಕಾಗೆಬಂಗಾರದಲ್ಲಿ, ಅಪಟೈಟ್ ಅನ್ನೋ ಸಣ್ಣ ಹರಳುಗಳಲ್ಲಿ, ಫ್ಲೋರೈಟ್ ಖನಿಜದಲ್ಲಿ ಫ್ಲೋರಿನ್ ಇರುತ್ತೆ. ನೀರು ಬಹಳ ಕಾಲ ಕೂತ್ರೆ ಫ್ಲೋರೈಡ್ ಆಗಿ ಹೊರಬರುತ್ತೆ. ನೀರಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ರೆ ಅದು ಫ್ಲೋರೈಡನ್ನ ಹಿಡಿದು ಕೂರಿಸಿಬಿಡುತ್ತೆ. ಆದ್ರೆ ಒಣ ಸೀಮೆಯ ಆಳದ ನೀರಲ್ಲಿ ಎಷ್ಟೋ ಸಲ ಕ್ಯಾಲ್ಸಿಯಂ ಮೊದಲೇ ಸುಣ್ಣವಾಗಿ ಕೂತು ಹೋಗಿರುತ್ತೆ, ಸೋಡಿಯಂ ಬೈಕಾರ್ಬನೇಟ್ ಜಾಸ್ತಿ ಇರುತ್ತೆ. ಆಗ ಫ್ಲೋರೈಡಿಗೆ ಲಗಾಮು ಇಲ್ಲ. ಸೋಪು ಚೆನ್ನಾಗಿ ನೊರೆ ಬರುತ್ತೆ, ನೀರು ಸಿಹಿ ಅನ್ನಿಸುತ್ತೆ, ಒಳಗೆ ಫ್ಲೋರೈಡ್ ಇರುತ್ತೆ. ನಾಲಿಗೆಗೆ ಗೊತ್ತಾಗಲ್ಲ, ಮೂಗಿಗೆ ಗೊತ್ತಾಗಲ್ಲ, ಕುದಿಸಿದ್ರೆ ಹೋಗಲ್ಲ. ಕುದಿಸಿ ನೀರು ಬತ್ತಿದಷ್ಟೂ ಅದರ ಪಾಲು ಏರುತ್ತೆ.

ನಮ್ಮ ಜಿಲ್ಲೆಯ ಪಾವಗಡದ ಕಡೆ ಇದು ದೊಡ್ಡ ಕಷ್ಟ. ಅಲ್ಲಿಗೆ ಕೊಟ್ಟಿರೋ ನಮ್ಮ ಸೋದರತ್ತೆಯ ಮಗಳು ಚಿಕ್ಕಂದಿನಿಂದ ನಗುವಾಗ ಬಾಯಿಗೆ ಕೈ ಅಡ್ಡ ಇಡ್ತಾಳೆ. ಹಲ್ಲಿನ ಮೇಲೆ ಕಂದು ಪಟ್ಟೆ. ನಾವು ಮಕ್ಕಳಾಗಿದ್ದಾಗ ಹಲ್ಲುಜ್ಜಲ್ಲ ಅಂತ ಅವಳನ್ನ ಬೈಯ್ತಿದ್ದ ದೊಡ್ಡವರು ಎಷ್ಟೋ ಜನ. ಉಜ್ಜೋದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ನಮ್ಮ ಹಲ್ಲಿನ ಖನಿಜ ಕೂಡ ಅಪಟೈಟ್ ಜಾತಿಯದೇ, ಕ್ಯಾಲ್ಸಿಯಂ ಮತ್ತು ರಂಜಕದ್ದು. ಬಂಡೆಯ ಅಪಟೈಟಿಂದ ಹೊರಟ ಫ್ಲೋರಿನ್ ಮಗುವಿನ ಹಲ್ಲಿನ ಅಪಟೈಟ್ ಸೇರುತ್ತೆ. ತುಸು ಇದ್ರೆ ಹಲ್ಲು ಗಟ್ಟಿ, ಅದಕ್ಕೇ ಟೂತ್‌ಪೇಸ್ಟಲ್ಲಿ ಹಾಕ್ತಾರೆ. ಹೆಚ್ಚಾದ್ರೆ ಹಲ್ಲು ರೂಪುಗೊಳ್ಳುವಾಗಲೇ ಕೆಡುತ್ತೆ. ತುಂಬಾ ಹೆಚ್ಚಿದ್ದು ವರ್ಷಗಟ್ಟಲೆ ಕುಡಿದ್ರೆ ಮೂಳೆ, ಕೀಲು ಹಿಡಿದುಕೊಳ್ಳುತ್ತೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರು ಇಲ್ಲದಿದ್ರೆ ಗರಿಷ್ಠ 1.5.

ಹಲ್ಲಿನ ಎನಾಮಲ್ ರೂಪುಗೊಳ್ಳೋದು ಹೆಚ್ಚಾಗಿ ಎಂಟು ವರ್ಷದೊಳಗೆ. ಒಮ್ಮೆ ಬಿದ್ದ ಪಟ್ಟೆ ನೀರು ಬದಲಿಸಿದ್ರೂ ಹೋಗಲ್ಲ. ನಮ್ಮಣ್ಣನ ಮಗಳಿಗೆ ನಾಲ್ಕು ವರ್ಷ. ಅಪ್ಪನ ಹತ್ರ ಕೊನೆಗೆ ನಾನು ಹೇಳಿದ್ದು ಅದೊಂದೇ ಮಾತು. ಅವರು ಸುಮ್ಮನಾದ್ರು, ಮಾರನೇ ದಿನ ಒಂದು ಬಾಟಲಿ ತೊಳೆದು ನೀರು ತುಂಬಿ ಟೇಬಲ್ ಮೇಲಿಟ್ಟಿದ್ರು. ವರದಿಯಲ್ಲಿ ನಮ್ಮ ಬೋರ್ 1ರ ಗೆರೆ ದಾಟಿತ್ತು, 1.5 ಮುಟ್ಟಿರಲಿಲ್ಲ. ಈಗ ಹೊಸ ಬೋರ್ ತೋಟಕ್ಕೆ. ಅಡುಗೆಗೆ, ಕುಡಿಯೋಕೆ ಹೆಂಚಿನ ಮನೆ ಸೂರಿನಿಂದ ಬೀಳೋ ಮಳೆ ನೀರನ್ನ ಸೋಸಿ ತುಂಬೋ ಮುಚ್ಚಿದ ತೊಟ್ಟಿ. ಅದು ಮುಗಿದ್ರೆ ಊರಿನ ಶುದ್ಧ ನೀರಿನ ಘಟಕದ ಕ್ಯಾನ್. ಮಳೆ ನೀರಿಗೆ ಬಂಡೆಯ ಪರಿಚಯವೇ ಆಗಿರಲ್ಲ, ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ.

ಇದರಿಂದ ಗುಬ್ಬಿಯ ಎಲ್ಲಾ ಬೋರ್ ಕೆಟ್ಟದ್ದು ಅಂದುಕೊಳ್ಳಬೇಡಿ. ಒಂದೇ ಊರಲ್ಲಿ ನೂರು ಮೀಟರ್ ಅಂತರದ ಎರಡು ಬೋರ್‌ಗಳ ನೀರು ಬೇರೆ ಇರಬಹುದು. ಬಿರುಕು ಯಾವ ಕಲ್ಲಿನ ಮೂಲಕ ಹಾದಿದೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಅದಕ್ಕೇ ಪಕ್ಕದ ಮನೆಯ ವರದಿ ನಿಮ್ಮ ಮನೆಗೆ ಆಗಲ್ಲ.

ಮಾರ್ಕೋನಹಳ್ಳಿ, ಕುಣಿಗಲ್: ತಾನಾಗೇ ತೆರೆಯೋ ಸೈಫನ್

ಕಡಬದಿಂದ ತುರುವೇಕೆರೆ, ಮಾಯಸಂದ್ರದ ದಾರಿಯಲ್ಲಿ ಎಡೆಯೂರಿಗೆ ಬಂದ್ರೆ ಮಾರ್ಕೋನಹಳ್ಳಿ ಹತ್ತಿರ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದ ಅಣೆಕಟ್ಟೆ. ಇದರ ವಿಶೇಷ ಸೈಫನ್. ನೀರು ಒಂದು ಮಟ್ಟ ಮೀರಿದ್ರೆ ಯಾರೂ ಗೇಟ್ ಎತ್ತಬೇಕಿಲ್ಲ, ತಾನಾಗೇ ಎಳೆದುಕೊಂಡು ಹೊರಗೆ ಬಿಡುತ್ತೆ. ಮಟ್ಟ ಇಳಿದ್ರೆ ತಾನಾಗೇ ನಿಲ್ಲುತ್ತೆ.

ಭೂಮಿಗೂ ಇಂಥದ್ದೊಂದು ಸೈಫನ್ ಇದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾದ್ರೆ ಭೂಮಿ ಬಿಸಿಯಾಗುತ್ತೆ, ಮಳೆ ಹೆಚ್ಚುತ್ತೆ, ದೇವರಾಯನದುರ್ಗದಂಥ ಬಂಡೆಗಳು ಬೇಗ ಕರಗ್ತವೆ. ಕರಗುವಾಗ ಆ ಅನಿಲ ಬೈಕಾರ್ಬನೇಟ್ ಆಗಿ ನದಿ ಸೇರುತ್ತೆ. ಶಿಂಷೆ ಅದನ್ನ ಕಾವೇರಿಗೆ, ಕಾವೇರಿ ಬಂಗಾಳ ಕೊಲ್ಲಿಗೆ ಒಯ್ಯುತ್ತೆ. ಅಲ್ಲಿ ಚಿಪ್ಪಿನ ಜೀವಿಗಳು ನಮ್ಮ ಬೆಟ್ಟದ ಕ್ಯಾಲ್ಸಿಯಂಗೆ ಅದನ್ನ ಕೂಡಿಸಿ ಚಿಪ್ಪು ಕಟ್ಟಿಕೊಳ್ತವೆ. ಸತ್ತ ಚಿಪ್ಪು ತಳಕ್ಕೆ ಬಿದ್ದು ಸುಣ್ಣದಕಲ್ಲಾಗುತ್ತೆ. ಗಾಳಿ ತಂಪಾಗುತ್ತೆ, ಕರಗೋದು ನಿಧಾನವಾಗುತ್ತೆ. ಸಮುದ್ರದ ತಳ ಭೂಮಿಯೊಳಗೆ ಜಾರಿದಾಗ ಕಲ್ಲು ಬೆಂದು, ಜ್ವಾಲಾಮುಖಿಯಿಂದ ಅನಿಲ ವಾಪಸ್ ಬರುತ್ತೆ. ಕೋಟಿಗಟ್ಟಲೆ ವರ್ಷ ಭೂಮಿಯನ್ನ ಪೂರಾ ಹೆಪ್ಪುಗಟ್ಟದಂತೆ, ಪೂರಾ ಬೇಯದಂತೆ ಇಟ್ಟಿದ್ದರಲ್ಲಿ ಈ ಚಕ್ರದ ಪಾಲು ದೊಡ್ಡದು.

ಆದ್ರೆ ಈ ಸೈಫನ್ ಕೆಲಸ ಮಾಡೋದು ಲಕ್ಷಗಟ್ಟಲೆ ವರ್ಷದ ಲೆಕ್ಕದಲ್ಲಿ. ನಾವು ಕಲ್ಲಿದ್ದಲು, ಪೆಟ್ರೋಲ್, ಅನಿಲ ಉರಿಸಿ, ಸುಣ್ಣದಕಲ್ಲು ಸುಟ್ಟು ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಬಿಡ್ತೀವಿ. ಜಗತ್ತಿನ ಜ್ವಾಲಾಮುಖಿಗಳೆಲ್ಲ ಸೇರಿ ಬಿಡೋದಕ್ಕಿಂತ ಇದು ಎಷ್ಟೋ ಪಟ್ಟು. ಕೈಗಾರಿಕೆಗೆ ಮುಂಚೆ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ 280 ಇದ್ದದ್ದು ಈಗ 420 ದಾಟಿದೆ. ಬಂಡೆ ಇದನ್ನೂ ಒಂದಿನ ಹೀರಿಕೊಳ್ಳುತ್ತೆ. ಅಷ್ಟು ದಿನ ಕಾಯೋಕೆ ನಮ್ಮ ಹತ್ರ ಟೈಮ್ ಇಲ್ಲ ಅಷ್ಟೇ.

ಎಡೆಯೂರು ದಾಟಿ ಕುಣಿಗಲ್‌ಗೆ ಬಂದ್ರೆ ಜನಪದ ಹಾಡಿಗೆ ವಸ್ತುವಾದ ದೊಡ್ಡಕೆರೆ. ಪಕ್ಕದಲ್ಲೇ ಟಿಪ್ಪು ಕಾಲದ ಹಿನ್ನೆಲೆಯ ಕುದುರೆ ಫಾರಂ. ಓಡೋ ಕುದುರೆಯ ಕಾಲಿನ ಮೂಳೆಗೂ, ನಮ್ಮ ರಾಗಿಮುದ್ದೆಯ ಕ್ಯಾಲ್ಸಿಯಂಗೂ ಮೂಲ ಒಂದೇ, ಕರಗಿದ ಕಲ್ಲು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇರುತ್ತೆ. ಫ್ಲೋರೈಡ್ ಇರೋ ಸೀಮೆಯಲ್ಲಿ ಹಾಲು, ಮೊಸರು, ರಾಗಿ ತಿನ್ನಿ ಅಂತ ವೈದ್ಯರು ಹೇಳೋದಕ್ಕೂ ಕಾರಣ ಅದೇ. ನೆಲದೊಳಗೆ ಕ್ಯಾಲ್ಸಿಯಂ ಮಾಡೋ ಕೆಲಸವನ್ನೇ ಹೊಟ್ಟೆಯೊಳಗೂ ಮಾಡುತ್ತೆ, ಫ್ಲೋರೈಡನ್ನ ಹಿಡಿದುಕೊಳ್ಳುತ್ತೆ.

ಈ ಊರುಗಳಲ್ಲಿ ಹೇಮಾವತಿ ನೀರಿನ ಪಾಲಿನ ಬಗ್ಗೆ ಜಗಳ ನಡೀತಾ ಇರುತ್ತೆ. ಕುಡಿಯೋ ನೀರಿನ ಕಷ್ಟ ಇರೋ ಕಡೆ ಅದು ಸಹಜ. ಆದ್ರೆ ನಾಲೆ ನೀರು ಬಂದ್ರೂ ಬರದಿದ್ರೂ ನಮ್ಮ ಮೇಲೆಯೇ ಬೀಳೋ ಮಳೆ ಒಂದಿದೆ. ಕೆರೆಗಳು ಅದನ್ನ ವರ್ಷದ ಚಕ್ರದಲ್ಲಿ ಇಟ್ಟಿದ್ದವು. ಬಿತ್ತು, ನಿಂತಿತು, ಇಂಗಿತು, ಬಾವಿಗೆ ಬಂತು. ಕೆರೆ ಮುಚ್ಚಿ ಬೋರ್ ಕೊರೆದಾಗ ನಾವು ಒಂದು ವರ್ಷದ ಚಕ್ರ ಬಿಟ್ಟು ಸಾವಿರ ವರ್ಷದ ಚಕ್ರಕ್ಕೆ ಪೈಪ್ ಇಳಿಸಿದ್ವಿ. ತುಂಬೋಕೆ ಅಷ್ಟು ಕಾಲ ಬೇಕಾದ್ದನ್ನ ಒಂದು ಬೇಸಿಗೆಯಲ್ಲಿ ಎತ್ತಿದ್ವಿ. ಎಳನೀರಿನ ಪೊಟ್ಯಾಶಿಯಂ, ಸಿಮೆಂಟಿನ ಇಂಗಾಲ, ಬೋರ್‌ವೆಲ್‌ನ ಫ್ಲೋರೈಡ್, ಮೂರರಲ್ಲೂ ಕಥೆ ಒಂದೇ. ನಿಧಾನದ ಚಕ್ರಕ್ಕೆ ನಮ್ಮ ಅವಸರ ಸೇರಿದೆ.

ಸರ್ಕಾರ, ಕಾರ್ಖಾನೆ, ಜಗತ್ತು ಮಾಡಬೇಕಾದ್ದು ಬಹಳ ಇದೆ. ನಿಮ್ಮ ಕೈಲಿ ಈ ತಿಂಗಳೇ ಆಗೋದು ಮೂರು ಕೆಲಸ. ಊರಿಗೆ ಹೋದಾಗ ಕುಡಿಯೋ ನೀರನ್ನ ಟೆಸ್ಟ್ ಮಾಡಿಸಿ. ಗ್ರಾಮ ಪಂಚಾಯಿತಿಯಲ್ಲಿ ಕೇಳಿದ್ರೆ ಜಿಲ್ಲೆಯ ನೀರು ಪರೀಕ್ಷಾ ಲ್ಯಾಬ್‌ನ ದಾರಿ ಹೇಳ್ತಾರೆ. ಫ್ಲೋರೈಡ್, ನೈಟ್ರೇಟ್, ಗಡಸುತನ ಮೂರೂ ಕೇಳಿ. ಮನೆಯಲ್ಲಿ ಎಂಟು ವರ್ಷದೊಳಗಿನ ಮಗು ಇದ್ರೆ ಮುಂದಕ್ಕೆ ಹಾಕಬೇಡಿ. ಎರಡನೇದು, ಸೂರಿನ ನೀರು ಹಿಡಿಯೋ ತೊಟ್ಟಿಗೋ, ಬಾವಿ ಪಕ್ಕದ ಇಂಗುಗುಂಡಿಗೋ ಈ ವರ್ಷದ ದುಡ್ಡಲ್ಲಿ ಸ್ವಲ್ಪ ಎತ್ತಿಡಿ. ಮೂರನೇದು, ಊರ ಕೆರೆಯ ಹೂಳು ತೆಗೆಯೋ ಮಾತು ಬಂದಾಗ ನೀವೂ ಇರಿ. ಆ ಗೋಡು ಬಿಲ್ಡಿಂಗ್ ಸೈಟ್ ತುಂಬೋಕೆ ಹೋಗದೆ ಹೊಲಕ್ಕೆ ಹೋಗೋ ಹಾಗೆ ನೋಡಿಕೊಳ್ಳಿ.

ಕುಣಿಗಲ್‌ನಿಂದ ಬೆಂಗಳೂರಿಗೆ ಹೈವೇ ಚೆನ್ನಾಗಿದೆ, ಒಂದೂವರೆ ಗಂಟೆ. ಹೊರಡೋ ಮುಂಚೆ ಕೆರೆ ಏರಿ ಮೇಲೆ ಐದು ನಿಮಿಷ ನಿಲ್ಲಿ. ಸಂಜೆ ಬೆಳಕಲ್ಲಿ ನೀರು ತಿಳಿಯಾಗಿ ಕಾಣುತ್ತೆ. ಅದರೊಳಗೆ ಕರಗಿದ ಬಂಡೆ ಇದೆ ಅಂತ ಇನ್ನು ನಿಮಗೆ ಗೊತ್ತು.